ಚಹಾ ಅಗ್ಗವಾಗಿತ್ತು, ಸಿಟ್ಟು ಬಂದಿದ್ದು ಅದಕ್ಕೇ

ಬೋಸ್ಟನ್ ಜನ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಸುರಿದ ಕಥೆ ನಮಗೆಲ್ಲ ಗೊತ್ತು. ತೆರಿಗೆ ಜಾಸ್ತಿಯಾಯಿತು, ಜನ ರೊಚ್ಚಿಗೆದ್ದರು, ಅಮೆರಿಕಾ ಕ್ರಾಂತಿ ಶುರುವಾಯಿತು. ಶಾಲೆಯಲ್ಲಿ ಇಷ್ಟೇ ಹೇಳಿಕೊಟ್ಟಿದ್ದು. ನಾನೂ ಹಾಗೇ ನಂಬಿದ್ದೆ.

ಆದರೆ ಆಗ ಅಲ್ಲಿ ಆಳುತ್ತಿದ್ದ ಬ್ರಿಟಿಷರು ತಂದ 1773ರ ಚಹಾ ಕಾಯ್ದೆ ಹೊಸ ತೆರಿಗೆಯನ್ನೇನೂ ಹಾಕಲಿಲ್ಲ. ಪೌಂಡಿಗೆ 3 ಪೆನ್ಸ್ ಸುಂಕ 1767ರದ್ದು. ಹೊಸದೇನೆಂದರೆ, ಈಸ್ಟ್ ಇಂಡಿಯಾ ಕಂಪನಿ ತಾನು ಆರಿಸಿದ ಏಜೆಂಟರ ಮೂಲಕ ನೇರವಾಗಿ ಅಲ್ಲಿ ಮಾರಬಹುದು. ನಡುವಿನ ವ್ಯಾಪಾರಿಗಳಿಲ್ಲದೆ ಚಹಾ ಅಗ್ಗವಾಗುತ್ತಿತ್ತು!

ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ ಇದನ್ನು ಓದಿ ಹೇಳಿದೆ. ದೊಡ್ಡಪ್ಪ ಉದ್ರಿ ಪುಸ್ತಕದಿಂದ ತಲೆ ಎತ್ತಲೇ ಇಲ್ಲ. "ಏಜೆನ್ಸಿ ಯಾರಿಗೆ ಕೊಟ್ರಂತೆ?" ಅಂದರು.

ಸರಿಯಾದ ಪ್ರಶ್ನೆ ಅದು. ಬೋಸ್ಟನ್ನಿನಲ್ಲಿ ಏಜೆನ್ಸಿ ಸಿಕ್ಕವರಲ್ಲಿ ಗವರ್ನರ್ ಹಚಿನ್ಸನ್ ಅವರ ಇಬ್ಬರು ಮಕ್ಕಳೂ ಇದ್ದರು. ಉಳಿದ ವ್ಯಾಪಾರಸ್ಥರು ಏನು ಮಾಡಬೇಕಿತ್ತು? ಅವರೇನೂ ಸಾಚಾ ಅಲ್ಲ ಬಿಡಿ, ಎಷ್ಟೋ ಜನ ಡಚ್ಚರ ಚಹಾವನ್ನು ಕದ್ದು ತಂದು ಮಾರುತ್ತಿದ್ದವರು. ಆದರೂ ಆ ಸಂಕಟ ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ನಾವು ಊರೂರು ಸುತ್ತಿ ಬೆಳೆಸಿದ ಒಂದು ಸೋಪಿನ ಏಜೆನ್ಸಿಯನ್ನು ಕಂಪನಿಯವರು ಒಂದೇ ಫೋನಿನಲ್ಲಿ ಕಿತ್ತುಕೊಂಡರು. ಗಿರಾಕಿಗೆ ಎರಡು ರೂಪಾಯಿ ಉಳಿಯಿತು, ನಿಜ. ಗೋಡೌನಿನ ಹಮಾಲರಿಗೆ ಕೆಲಸ ಹೋಯಿತು.

ನನಗೆ ಜಾಸ್ತಿ ಕಾಡಿದವನು ಫ್ರಾನ್ಸಿಸ್ ರಾಚ್. ಅಲ್ಲೇ ಹತ್ತಿರದ ನಾಂಟಕೆಟ್ ದ್ವೀಪದ ತಿಮಿಂಗಿಲದ ಎಣ್ಣೆ ವ್ಯಾಪಾರಿ ಮನೆತನದವನು. ಇವರ 'ಡಾರ್ಟ್‌ಮತ್' ಹಡಗು ಲಂಡನ್ನಿಗೆ ಎಣ್ಣೆ ಒಯ್ದು, ವಾಪಸ್ ಬರುವಾಗ ಚಹಾ ಹೇರಿಕೊಂಡು ಬಂತು. ಖಾಲಿ ಬರೋದ್ಯಾಕೆ ಅಂತ ಯಾವ ಲಾರಿ ಮಾಲೀಕನಾದರೂ ಮಾಡುವುದು ಅದನ್ನೇ ಅಲ್ವಾ? ಈಗ ಜನ ಮಾಲು ಇಳಿಸಲು ಬಿಡುತ್ತಿಲ್ಲ. ಸುಂಕ ಕಟ್ಟದೆ ಹಡಗು ವಾಪಸ್ ಹೋಗುವಂತಿಲ್ಲ. 20 ದಿನದ ಗಡುವು ಮುಗಿದರೆ ಮಾಲು ಜಪ್ತಿ. ಡಿಸೆಂಬರ್ 16ರಂದು ಗವರ್ನರ್ ಇದ್ದ ಮಿಲ್ಟನ್ನಿಗೆ ಹೋಗಿ, ಹಡಗು ಬಂದರು ಬಿಟ್ಟು ಹೋಗಲು ಪಾಸ್ ಕೇಳಿದ. ಆಗಲ್ಲ ಅಂದರು. ಅವನು ಬಂದು, ಬೋಸ್ಟನ್ನಿನಲ್ಲಿ ಸೇರಿದ್ದ ಜನರ ಸಭೆಗೆ ಆ ಸುದ್ದಿ ಹೇಳಿದ ರಾತ್ರಿಯೇ ಮೂರು ಹಡಗುಗಳ 342 ಪೆಟ್ಟಿಗೆ ನೀರುಪಾಲಾದವು.

ಇದೆಲ್ಲ ಕೇಳಿದ ಮೇಲೆ ದೊಡ್ಡಪ್ಪ ಪೆನ್ನು ಕೆಳಗಿಟ್ಟರು.

"ಹಡಗಿಗೆ ಏನಾದ್ರೂ ಮಾಡಿದ್ರಾ?"

"ಇಲ್ಲ. ಚಹಾ ಮಾತ್ರ ಸುರಿದ್ರು."

"ಹಂಗಾದ್ರೆ ಅದರಾಗೆ ವ್ಯಾಪಾರ ಗೊತ್ತಿದ್ದೋರು ಇದ್ರು ಬಿಡು. ಚಹಾ ಕಂಪನೀದು, ಹಡಗು ಊರೋರದ್ದು."