‘ಸಾಯುವ ಯೋಚನೆ ಇದೆಯೇ’ ಎಂದು ಗೆಳೆಯರನ್ನು ಕೇಳುವುದು ತಪ್ಪಲ್ಲ: ಸ್ಪಷ್ಟನೆ

ತುಮಕೂರಿನ ಪಿಯು ವಿದ್ಯಾರ್ಥಿಗಳ, ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಮಂಕಾಗಿರುವ ಗೆಳೆಯರ ಬಳಿ ಸಾವಿನ ಮಾತೆತ್ತಬೇಡಿ, ಇಲ್ಲದ ಯೋಚನೆ ಹುಟ್ಟುತ್ತದೆ. 14416ಕ್ಕೆ ಕರೆ ಮಾಡಿದರೆ ಪೊಲೀಸ್ ಕೇಸಾಗುತ್ತದೆ.’ ಎರಡೂ ಸುಳ್ಳು.

ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೇಳಿದರೆ ಮನಸ್ಸು ಬಿಚ್ಚಲು ದಾರಿಯಾಗುತ್ತದೆ. ‘ಊಟ ಬಿಟ್ಟಿದ್ದೀಯ, ತರಗತಿಗೂ ಬರುತ್ತಿಲ್ಲ. ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ, ಒಂಟಿಯಾಗಿ ಬಿಡಬೇಡಿ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡರೂ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಗುಟ್ಟು ಕಾಯುವುದೇ ಗೆಳೆತನ ಎಂದುಕೊಂಡ ಮಕ್ಕಳಿಗೆ ಇದೇ ಬಲು ಕಷ್ಟ, ಆದರೂ ಹೇಳಲೇಬೇಕು. ಅಪಾಯ ಹತ್ತಿರವೆನಿಸಿದರೆ ತಡಮಾಡದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.

14416 ಪೊಲೀಸರ ಸಂಖ್ಯೆಯಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನೂ, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್. ಹೀಗಿರುವಾಗ ಸಹಾಯ ಕೇಳಿದವರ ಮೇಲೆ ಕೇಸು ಎಲ್ಲಿಂದ ಬರುತ್ತದೆ?

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ಗುಂಪಿನಲ್ಲಿ ಕಂಡರೆ ಅಳಿಸಲು ಹೇಳಿ.