ಯಾರ ಕಿಕ್ಕಿಗೆ ಚಾಲೂ ಆಯ್ತು?

ವಿಜಯಪುರದಲ್ಲಿ ಗಾಡಿ ಕೆಟ್ಟು ನಿಂತರೆ ಒಂದು ಅನುಕೂಲ. ಎರಡು ಕಿಕ್ ಹೊಡೆಯುವಷ್ಟರಲ್ಲಿ ಮೂರು ಜನ ಬಂದು ನಿಲ್ಲುತ್ತಾರೆ. ಅವರಲ್ಲಿ ಒಬ್ಬರೂ ಮೆಕ್ಯಾನಿಕ್ ಆಗಿರುವುದಿಲ್ಲ, ಅಷ್ಟೇ.

ಹಿಂದಿನ ದಿನವಷ್ಟೇ ಗಾಡಿಗೆ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಆಗಿತ್ತು. ಹಬ್ಬ ಅಂತ ಮೊದಲೇ ಟ್ಯಾಂಕ್ ಫುಲ್ ಮಾಡಿಸಿ ತಂದಿದ್ದೆ. ನನ್ನ ಹೆಂಡತಿ ವಿಭೂತಿ, ಕಲಸಿದ ಕುಂಕುಮ ಎಲ್ಲಾ ಧಾರಾಳವಾಗಿ ಹಚ್ಚಿದ್ದಳು. ಬನ್ನಿ ಕೊಡಲು ಮಾವನ ಮನೆಗೆ ಹೊರಟರೆ, ಮಲಿಕ್-ಎ-ಮೈದಾನ್ ಅನ್ನುವ ಹಳೇ ತೋಪಿನ (ಫಿರಂಗಿಯ) ಹತ್ತಿರ ಗಾಡಿ ಎರಡು ಸಲ ಕೆಮ್ಮಿ ನಿಂತೇ ಬಿಟ್ಟಿತು.

1549ರಲ್ಲಿ ಎರಕ ಹೊಯ್ದ ಈ 55 ಟನ್ ತೋಪನ್ನು ಎಳೆದು ತರಲು 400 ಎತ್ತು, 10 ಆನೆ ಬೇಕಾದವು ಅಂತ ಹೇಳುತ್ತಾರೆ. ನನ್ನ ಗಾಡಿಗೆ ನಾನೊಬ್ಬನೇ. ಅದೂ ಹೊಸ ಬಿಳಿ ಅಂಗಿಯಲ್ಲಿ.

ಚಹಾದಂಗಡಿ ಕಾಕಾ ಎದ್ದು ಬಂದರು. “ಎಣ್ಣಿ ಐತೇನ್ ತಮ್ಮಾ?” ಮೊನ್ನೆ ಫುಲ್ ಮಾಡಿಸೀನಿ ಅಂದರೂ ನಂಬಲಿಲ್ಲ. ಮುಚ್ಚಳ ತೆರೆಸಿದರು. ‘ಸುಯ್’ ಅಂತ ಒಂದು ಸದ್ದು ಬಂತು. ಕಾಕಾ ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು, ಮುಚ್ಚಿದರು, ಲುಂಗಿ ಎತ್ತಿ ಕಟ್ಟಿ ಐದಾರು ಸಲ ಒದ್ದರು. ಗಾಡಿ ಚಾಲೂ! “ನೋಡಿದಿ? ಕಾಲಿನ್ಯಾಗ ಕಸುವು ಬೇಕು” ಅಂದರು.

ಕಟ್ಟಡ ಅರ್ಧಕ್ಕೇ ನಿಂತ ಬಾರಾ ಕಮಾನ್ ಹತ್ತಿರ ಬಂದೆ. ಜಾಗದ ಗುಣವೋ ಏನೋ, ಗಾಡಿಯೂ ಅರ್ಧಕ್ಕೇ ನಿಂತಿತು. ಇಲ್ಲಿ ಸಿಕ್ಕವನು ಕಾಲೇಜು ಹುಡುಗ. ಅವನೂ ಮೊದಲು ಮುಚ್ಚಳ ತೆರೆಸಿದ. ಮತ್ತೆ ‘ಸುಯ್’. ಆಮೇಲೆ ಪ್ಲಗ್ ಬಿಚ್ಚಿ, ಕರ್ರಗಾಗಿದ್ದ ತುದಿ ಉಜ್ಜಿ, ಎಂಜಿನ್ನಿಗೆ ತಾಗಿಸಿ ಹಿಡಿದು “ಒದೀರಿ ಅಂಕಲ್” ಅಂದ. ನೀಲಿ ಕಿಡಿ ಚಟ್ ಅಂತು. ಪ್ಲಗ್ ಹಾಕಿದ, ಗಾಡಿ ಚಾಲೂ. “ಪ್ಲಗ್ಗೇ ಅಂಕಲ್, ನಾ ಹೇಳಲಿಲ್ಲಾ?” ಅವನು ಹಾಗೇನೂ ಹೇಳಿರಲಿಲ್ಲ. ಇರಲಿ.

ಮಾವನ ಮನೆ ಮುಟ್ಟುವುದರೊಳಗೆ ಇನ್ನೊಂದು ಸಲ ನಿಂತು, ಮತ್ತೊಬ್ಬರಿಗೂ ಕೀರ್ತಿ ತಂದಿತು. ಅವರು ಗಾಡಿಯನ್ನು ಅಡ್ಡ ಮಲಗಿಸಿ ಎಬ್ಬಿಸಿದ್ದರು. ಹಬ್ಬದ ದಿನ ಗ್ಯಾರೇಜಿನವರೆಲ್ಲ ಬನ್ನಿ ಹಂಚಲು ಹೋಗಿದ್ದರು.

ಮರುದಿನ ಮೆಕ್ಯಾನಿಕ್ ಹುಡುಗ ಗಾಡಿ ಮುಟ್ಟಲೇ ಇಲ್ಲ. “ಮುಚ್ಚಳ ತೆಗೆದಾಗ ಸಪ್ಪಳ ಬರತಿತ್ತೇನ್ರಿ ಸರ?” ಅಂತ ಕೇಳಿದ. ಹೂಂ ಅಂದೆ. ಹೋಗಿ ಗುಂಡುಸೂಜಿ ತಂದ. ನನ್ನ ಹಳೇ ಗಾಡಿಯ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣದೊಂದು ತೂತಿದೆ. ಪೆಟ್ರೋಲ್ ಕಾರ್ಬೊರೇಟರಿಗೆ ಇಳಿದಷ್ಟೂ ಮೇಲಿಂದ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಮೇಲಕ್ಕೆ ಹೀರಿ ಹಿಡಿದುಕೊಳ್ಳುತ್ತದೆ. ಟ್ಯಾಂಕ್ ಫುಲ್ ಇದ್ದರಂತೂ ಒಳಗೆ ಗಾಳಿ ಕಡಿಮೆ, ಬೇಗ ಉಸಿರು ಕಟ್ಟುತ್ತದೆ. ಸೂಜಿಯ ತುದಿಗೆ ಬಂದದ್ದು ಕೆಂಪಗೆ ಒಣಗಿದ ಕುಂಕುಮ.

ಎಷ್ಟಪ್ಪಾ ಅಂದೆ. “ಏ ಬಿಡ್ರಿ ಸರ, ಕುಂಕುಮ ತಗದಿದ್ದಕ್ಕ ಯಾರರ ರೊಕ್ಕ ತಗೋತಾರೇನು?” ಅಂದ.

ವಾಪಸ್ ಬರುವಾಗ ತೋಪಿನ ಹತ್ತಿರ ಗಾಡಿ ನಿಲ್ಲಿಸಿ ಕಾಕಾನಿಗೆ ತೂತಿನ ಕತೆ ಪೂರ್ತಿ ಹೇಳಿದೆ. ಚಹಾ ಸೋಸುತ್ತಲೇ ಕೇಳಿದರು.

“ಅದೆಲ್ಲಾ ಖರೇ ತಮ್ಮಾ. ಆದ್ರ ಮೊದ್ಲ ಚಾಲೂ ಮಾಡಿದ್ದು ಯಾರು?”