ಈಜು, ಸೈಕಲ್, ಓಟ ಎಲ್ಲಾ ಸರಿ, ತೂಕ ಯಾವಾಗ ಎತ್ತುತ್ತೀರಿ?

ನಮ್ಮ ಗಂಗಾವತಿಯಲ್ಲಿ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಇರುವ ರೇಸ್) ಅಂತ ಒದ್ದಾಡುವವರು ಬೆರಳೆಣಿಕೆಯಷ್ಟು ಜನ. ಬೆಳಗ್ಗೆ 5ಕ್ಕೆ ಎದ್ದು ಆನೆಗೊಂದಿ, ಸಾಣಾಪುರದ ಕಡೆ ಸೈಕಲ್ ತುಳಿಯುತ್ತೇವೆ, ಭಾನುವಾರ ಉದ್ದ ಓಟ, ಪೂಲ್ ಸಿಕ್ಕಾಗ ಈಜು. ಜಿಮ್ ಅಂದ್ರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ, ಟೈಮ್ ಇಲ್ಲ. ಮೂರು ವರ್ಷ ನಾನೂ ಅದನ್ನೇ ಹೇಳಿದೆ.

ಆಮೇಲೆ ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ ಹೋದೆ (ಒಟ್ಟು ದೂರ 70.3 ಮೈಲಿ, ಅದಕ್ಕೇ ಆ ಹೆಸರು). ಸಮುದ್ರದಲ್ಲಿ 1.9 ಕಿ.ಮೀ. ಈಜು ಮುಗಿಯಿತು, 90 ಕಿ.ಮೀ. ಸೈಕಲ್ಲೂ ಚೆನ್ನಾಗೇ ಹೋಯಿತು, 21.1 ಕಿ.ಮೀ. ಓಟದಲ್ಲಿ 14ನೇ ಕಿಲೋಮೀಟರಿಗೆ ಎಡಗಾಲಿನ ಮೀನಖಂಡ ಕಲ್ಲಾಯಿತು. ಉಳಿದದ್ದು ಕುಂಟುತ್ತಾ ನಡೆದೆ. ದಮ್ಮು ಇನ್ನೂ ಇತ್ತು, ಅದೇ ಹೊಟ್ಟೆ ಉರಿ. ಉಪ್ಪು ಕಡಿಮೆಯಾಗಿದೆ ಅಂದರು ಎಲ್ಲರೂ. ಮನೆಗೆ ಬಂದು ವಾರ ಬಿಟ್ಟು ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ನೋಡಿದೆ. ಬಲಗಾಲು 22 ಸಲ, ಎಡಗಾಲು 9ಕ್ಕೇ ಕೈ ಚೆಲ್ಲಿತು.

ಓಡುವಾಗ ಪ್ರತಿ ಹೆಜ್ಜೆಗೂ ಒಂದೇ ಕಾಲು ದೇಹದ ತೂಕದ ಎರಡೂವರೆ ಪಟ್ಟಿನಷ್ಟು ಭಾರ ತಿನ್ನುತ್ತದೆ. 72 ಕೆಜಿ ಇರುವ ನನಗೆ ಅದು 180 ಕೆಜಿ, ಕಿಲೋಮೀಟರಿಗೆ ಸಾವಿರ ಚಿಲ್ಲರೆ ಹೆಜ್ಜೆ. ಈಜು, ಸೈಕಲ್ ಎರಡರಲ್ಲೂ ಮೂಳೆಗೆ ಇಂಥ ಏಟು ಬೀಳುವುದೇ ಇಲ್ಲ, ಹಾಗಾಗಿ ಅವನ್ನಷ್ಟೇ ಜಾಸ್ತಿ ಮಾಡಿದರೆ ಕಾಲು ಓಟಕ್ಕೆ ತಯಾರಾಗಲ್ಲ.

ಜಿಮ್‌ಗೆ ಹೋದರೆ ಅಲ್ಲಿನ ಹುಡುಗ, "ಅಣ್ಣಾ, ನಿಮ್ದು ಸ್ಟ್ಯಾಮಿನಾ ಗೇಮ್, ಲೈಟ್ ವೇಟ್ ತಗೊಂಡು 25 ರೆಪ್ಸ್ ಹೊಡೀರಿ" ಅಂದ, ಅಂದರೆ ಹಗುರ ತೂಕವನ್ನು ಒಂದೇ ಸಮ 25 ಸಲ ಎತ್ತುವುದು. ಇದೇ ನನ್ನ ತಕರಾರು. ಸಾವಿರಾರು ಸಲ ಹಗುರವಾಗಿ ಕಾಲಾಡಿಸುವುದು ಸೈಕಲ್ ಮೇಲೆ ಹೇಗೂ ಆಗುತ್ತದೆ, ಅದನ್ನೇ ಜಿಮ್‌ನಲ್ಲೂ ಮಾಡುವುದಕ್ಕೆ ದುಡ್ಡು ಕೊಡಬೇಕಾ? ನಮಗೆ ಬೇಕಿರುವುದು ಭಾರ. ಮೊದಲ ಐದಾರು ವಾರ ಸುಮ್ನೆ ಹಗುರವಾಗಿ ಭಂಗಿ ಕಲಿಯಿರಿ, ಆಮೇಲೆ ಸ್ಕ್ವಾಟ್ (ತೂಕ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ತೂಕ ಎತ್ತುವುದು), ಸ್ಟೆಪ್-ಅಪ್ (ಮೆಟ್ಟಿಲು ಹತ್ತಿದ ಹಾಗೆ), ಕಾಫ್ ರೇಸ್ (ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು), ಭುಜಕ್ಕೆ ರೋಯಿಂಗ್ (ತೂಕವನ್ನು ಮೈ ಕಡೆ ಎಳೆಯುವುದು). ಒಂದು ಸುತ್ತಿಗೆ (ಸೆಟ್) 5-6 ರೆಪ್, ಅಂಥ ಮೂರು ಸೆಟ್, ನಡುವೆ 2-3 ನಿಮಿಷ ಕೂತು ಸುಧಾರಿಸಿಕೊಳ್ಳಿ. ವಾರಕ್ಕೆ ಎರಡು ದಿನ. ಮೈ ದಪ್ಪ ಆಗುತ್ತೆ ಅನ್ನುವ ಭಯ ಬಿಡಿ, ಇಷ್ಟು ಓಡುವವರಿಗೆ ಸ್ನಾಯು ಅಷ್ಟು ಸುಲಭವಾಗಿ ಉಬ್ಬಲ್ಲ. ಎಂಟು ತಿಂಗಳಲ್ಲಿ ನಾನು ಏರಿದ್ದು ಒಂದು ಕೆಜಿ, ಅದೂ ಮದುವೆ ಸೀಸನ್ನಿನ ಹೋಳಿಗೆ ಇರಬೇಕು.

ನಮ್ಮ ರೈಸ್ ಮಿಲ್ ಹಮಾಲರನ್ನು ನೋಡಿ ಅಂತ ಕೆಲವರು ಹೇಳುತ್ತಾರೆ, 75 ಕೆಜಿ ಭತ್ತದ ಚೀಲ ಹೊತ್ತು ಹಲಗೆ ಹತ್ತುತ್ತಾರಲ್ಲ, ಅವರು ಯಾವ ಜಿಮ್‌ಗೆ ಹೋಗಿದ್ದರು ಅಂತ. ನಿಜ, ಆದರೆ ಅದೇ ಹಮಾಲರನ್ನು ಸಂಜೆ ಮಾತಾಡಿಸಿ. "ಸೊಂಟ ಹೋಗ್ಯದ್ರೀ ಸರ" ಅಂತಾರೆ. ಭಾರ ಇದೆ, ರಜೆ ಇಲ್ಲ. ಅದಕ್ಕೇ ನಾನು ಜೋರಾಗಿ ಸೈಕಲ್ ತುಳಿದ ದಿನವೇ ಸಂಜೆ ತೂಕ ಎತ್ತುತ್ತೇನೆ, ಮರುದಿನ ಪೂರ್ತಿ ಹಗುರ. ರೇಸ್ ಹತ್ತಿರ ಬಂದರೆ ವಾರಕ್ಕೆ ಒಂದೇ ದಿನ, ಕೊನೆಯ ವಾರ ಬಂದ್. ಏಪ್ರಿಲ್, ಮೇನಲ್ಲಿ ಬೆಳಗ್ಗೆ 8ಕ್ಕೇ ನೆತ್ತಿ ಕಾದಿರುತ್ತದೆ, ಓಟ ತಾನಾಗಿ ಕಮ್ಮಿಯಾಗುತ್ತದೆ. ಶುರು ಮಾಡುವುದಕ್ಕೆ ಅದೇ ಟೈಮ್.

ಈಗ ಎಡಗಾಲು 20 ದಾಟಿದೆ. ಕೂತು ಮಾಡುವ ಕಾಫ್ ಮಷೀನ್ ಊರಲ್ಲಿ ಎಲ್ಲಾದರೂ ಇದ್ದರೆ ಕಮೆಂಟ್‌ನಲ್ಲಿ ಹೇಳಿ. ಸದ್ಯಕ್ಕೆ ಸ್ಟೂಲ್ ಮೇಲೆ ಕೂತು, ತೊಡೆ ಮೇಲೆ 25 ಕೆಜಿ ಸೋನಾ ಮಸೂರಿ ಚೀಲ ಇಟ್ಟುಕೊಂಡು ಮಾಡುತ್ತಿದ್ದೇನೆ. ಅಡುಗೆಗೆ ಅಕ್ಕಿ ಬೇಕಾದಾಗ ಮನೆಯವರು ಅದನ್ನೇ ಬಿಚ್ಚುತ್ತಾರೆ, ಹಾಗಾಗಿ ತೂಕ ವಾರವಾರಕ್ಕೂ ಇಳಿಯುತ್ತಿದೆ.